ಕಡಿಮೆ ಖರ್ಚಿನಲ್ಲಿ ಬೇಸಿಗೆ ರಜೆ: ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು. ಮಗಳಿಗೆ 10, ಮಗನಿಗೆ 6. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಅತ್ತೆ ಇರುತ್ತಾರೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೂ ರಜೆ. ಸಮ್ಮರ್ ಕ್ಯಾಂಪ್ ಫೀಸು ಇಬ್ಬರಿಗೂ ಕಟ್ಟುವುದು ನಮ್ಮಿಂದ ಆಗುವುದಿಲ್ಲ. ಸುಮ್ನೆ ಬಿಟ್ಟರೆ ಇಡೀ ದಿನ ಮೊಬೈಲು, ಟೀವಿ. ಮನೆಯಲ್ಲೇ ಅಥವಾ ಹತ್ತಿರದಲ್ಲೇ ಏನು ಮಾಡಿಸಬಹುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ಮೊದಲು ಒಂದು ಮಾತು. ಇಡೀ ದಿನಕ್ಕೆ ಟೈಮ್‌ಟೇಬಲ್ ಹಾಕಲು ಹೋಗಬೇಡಿ. ಬೆಳಗ್ಗೆ, ಸಂಜೆ ಮಕ್ಕಳು ತಾವೇ ಏನಾದರೂ ಹುಡುಕಿಕೊಳ್ಳುತ್ತಾರೆ. ಕಷ್ಟ ಇರುವುದು ಹನ್ನೊಂದರಿಂದ ನಾಲ್ಕರವರೆಗೆ. ಬಿಸಿಲಿಗೆ ಹೊರಗೆ ಬಿಡುವ ಹಾಗಿಲ್ಲ, ಒಳಗೆ ಬೇಜಾರು. ಮೊಬೈಲ್ ಕೈಗೆ ಬರುವುದೂ ಆಗಲೇ. ಆ ಹೊತ್ತಿಗೆ ಏನು ಅಂತ ಮಾತ್ರ ಯೋಚಿಸಿ, ಸಾಕು.

ನಮ್ಮ ಮನೆಯಲ್ಲಿ ಮಧ್ಯಾಹ್ನ ದಾಟುವುದು ಚೌಕಾಬಾರದಿಂದ. ಅಡುಗೆಮನೆಯಿಂದ ನಾಲ್ಕು ಹುಣಸೆ ಬೀಜ ತೆಗೆದುಕೊಳ್ಳಿ. ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಉಜ್ಜಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣಬೇಕು. ಈ ಕೆಲಸ ನಿಮ್ಮ ಮಗನಿಗೇ ಕೊಡಿ. ಉಜ್ಜುತ್ತಾ ಹೋದ ಹಾಗೆ ಬೀಜ ಬೆರಳಿಗೆ ಚುರುಕ್ ಅನ್ನುವಷ್ಟು ಬಿಸಿಯಾಗುತ್ತದೆ. ಅದನ್ನು ತಮ್ಮ ಕೈಗೋ ಕೆನ್ನೆಗೋ ಮುಟ್ಟಿಸಿ ಕೂಗಾಡುವುದೇ ಮಕ್ಕಳಿಗೆ ಒಂದು ಆಟ.

ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೈದು, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಪೂರ್ತಿ ಒಳಗಿನ ಮನೆಗೂ ಅಡ್ಡಗೆರೆ ಹಾಕಿ. ಆ ಮನೆಗಳಲ್ಲಿ ಕೂತ ಕಾಯಿಯನ್ನು ಕಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಅಂಗಿ ಗುಂಡಿ, ಕಡಲೆಕಾಳು, ಅವರೆ ಬೀಜ, ಏನಾದರೂ ಆಗುತ್ತದೆ. ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ಮುಂದೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಂದಾದರೆ ಬಾರ, ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಿಮ್ಮ ಅತ್ತೆಯವರನ್ನು ಕೇಳಿ, ಅವರ ಊರಿನ ಕಡೆಯ ನಿಯಮ ಬೇರೆ ಇದ್ದರೂ ಇರಬಹುದು. ಅವರದ್ದೇ ಇಟ್ಟುಕೊಳ್ಳಿ. ಆಟ ಕಲಿಸುವವರು ಅಜ್ಜಿಯಾದರೆ ಜಗಳ ಬಿಡಿಸುವವರೂ ಅಜ್ಜಿಯೇ ಆಗುತ್ತಾರೆ. ನೀವು ಆಫೀಸಿನಲ್ಲಿ ನೆಮ್ಮದಿಯಾಗಿ ಇರಬಹುದು.

ಶಿವಮೊಗ್ಗದಿಂದ

ಗುಳಿಗಳಿಗೆ ಬೀಜ ಹಂಚುತ್ತಾ ಆಡುವ ಅಳಗುಳಿ ಮಣೆಯನ್ನೂ ಸೇರಿಸಿ. ಮಣೆ ಇಲ್ಲದಿದ್ದರೆ ಒಂದು ಸಾಲಿಗೆ ಏಳರಂತೆ ಎರಡು ಸಾಲು ದುಂಡನೆಯ ಮನೆ ನೆಲದ ಮೇಲೆ ಬರೆದರೂ ಆಯಿತು. ಆದರೆ ಅಟ್ಟದಿಂದ ಹಳೇ ಮಣೆ ಇಳಿಸಿದರೆ ಜೊತೆಗಿರುವ ಬೀಜದ ಡಬ್ಬಿಯನ್ನು ಮೊದಲು ನೀವು ತೆರೆದು ನೋಡಿ. ಕೆಂಪು ಮೈಗೆ ಕಪ್ಪು ಚುಕ್ಕೆ ಇರುವ ಗುಲಗಂಜಿ ಇದ್ದರೆ ತೆಗೆದುಬಿಡಿ. ನೋಡಲು ಬಲು ಚೆಂದ, ಆದರೆ ಅಗಿದರೆ ವಿಷ. ಚಿಕ್ಕವರು ಇರುವ ಮನೆಯಲ್ಲಿ ಅದು ಬೇಡವೇ ಬೇಡ. ಹುಣಸೆ ಬೀಜ ಸಾಕು.

ಹುಬ್ಬಳ್ಳಿಯಿಂದ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ನಿಮ್ಮ ಮಗಳಿಗೆ ಇದನ್ನು ಮಾಡಿಸಲೇಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡಕ್ಕೇ ಸೇರಿಹೋಗುತ್ತದೆ. ಇದೇ ಶೂನ್ಯ ನೆರಳಿನ ದಿನ. ನಮ್ಮ ಹುಬ್ಬಳ್ಳಿಗೆ ಅದು ಬರುವುದು ಮೇ ಮೊದಲ ವಾರ, ಕಲಬುರಗಿಗೆ ಎರಡನೇ ವಾರ. ಉತ್ತರಕ್ಕೆ ಹೋದಷ್ಟೂ ತಡ.

ಆ ಒಂದು ದಿನ ಮಾತ್ರ ನೋಡಿದರೆ ಮಜಾ ಇಲ್ಲ. ಒಂದು ವಾರ ಮೊದಲೇ ಶುರು ಮಾಡಿ. ಮಾಳಿಗೆಯ ಮೇಲೆ ಸಮತಟ್ಟಾದ ಜಾಗದಲ್ಲಿ ನೀರು ತುಂಬಿದ ಬಾಟಲಿ ಇಡಿ. ಬುಡದ ಸುತ್ತ ಗುರುತು ಹಾಕಿಕೊಳ್ಳಿ, ದಿನವೂ ಅಲ್ಲೇ ಇಡಬೇಕಲ್ವಾ. 12 ಗಂಟೆ 15 ನಿಮಿಷದ ಹೊತ್ತಿಗೆ ನೆರಳಿನ ತುದಿಗೆ ಗೆರೆ ಎಳೆದು ತಾರೀಖು ಬರೆಯಲಿ. ಗೆರೆ ದಿನೇ ದಿನೇ ಬುಡದ ಹತ್ತಿರ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಇನ್ನೂ ಒಂದು ವಾರ ನೋಡಿ. ಇಷ್ಟು ದಿನ ಉತ್ತರಕ್ಕೆ ಬೀಳುತ್ತಿದ್ದ ಮಧ್ಯಾಹ್ನದ ನೆರಳು ಈಗ ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ಹೋದ ಅಂತ ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಪುಸ್ತಕದಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ಇಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ. ಕಾಲಿಗೆ ಚಪ್ಪಲಿ, ತಲೆಗೆ ಟೋಪಿ ಇರಲಿ. ಐದು ನಿಮಿಷದಲ್ಲಿ ಕೆಳಗೆ ಬಂದುಬಿಡಬೇಕು. ಸೂರ್ಯನನ್ನು ನೇರ ನೋಡಬಾರದು ಅಂತ ಗಟ್ಟಿಯಾಗಿ ಹೇಳಿ.

ದಾವಣಗೆರೆಯಿಂದ

ಸಬ್ಬಕ್ಕಿ ಸಂಡಿಗೆ. ರಾತ್ರಿ ನೆನೆಸಿದ ಸಬ್ಬಕ್ಕಿಯನ್ನು ಬೆಳಗ್ಗೆ ಬೇಗ ಗಂಜಿ ಹದಕ್ಕೆ, ಕಾಳು ಗಾಜಿನಂತೆ ಆಗುವವರೆಗೆ ಬೇಯಿಸಿ. ಅರೆದ ಹಸಿಮೆಣಸಿನಕಾಯಿ, ಉಪ್ಪು, ಜೀರಿಗೆ, ಇಳಿಸಿದ ಮೇಲೆ ಸ್ವಲ್ಪ ನಿಂಬೆಹುಳಿ. ಒಲೆ ಕೆಲಸ ದೊಡ್ಡವರದ್ದು. ಆರಿದ ಮೇಲೆ ಮಾಳಿಗೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಕ್ಕಳ ಕೈಗೆ ಚಮಚ ಕೊಡಿ. ಒಂದಕ್ಕೊಂದು ಅಂಟಬಾರದು ಅಂತ ಮಾತ್ರ ಹೇಳಿ, ದುಂಡಗೆ ಬರಲೇಬೇಕು ಅಂತ ಹಟ ಬೇಡ. ಕಾಗೆ ಕಾಯುವ ಕೆಲಸ ನೆರಳಿನಲ್ಲಿ ಕೂತು ಸರದಿ ಪ್ರಕಾರ. ಒಣಗಿದ ಮೇಲೆ ಎಬ್ಬಿಸಿ, ಎಣಿಸಿ, ಡಬ್ಬಿಗೆ ತುಂಬುವುದೂ ಅವರೇ. ಕರಿದು ಊಟಕ್ಕೆ ಬಡಿಸಿದಾಗ "ಇದು ನಾನು ಹಾಕಿದ್ದು" ಅಂತ ತೋರಿಸುತ್ತಾರಲ್ಲ, ಅದನ್ನು ನೋಡಬೇಕು. ಮಕ್ಕಳಿಗೆ ಬೇಕಾಗಿರುವುದು ಟೈಮ್‌ಪಾಸ್ ಅಲ್ಲ, ಮನೆಗೆ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತುಮಕೂರಿನಿಂದ

ಲೈಬ್ರರಿ ಮರೆಯಬೇಡಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನಲ್ಲೇ ಮಕ್ಕಳ ಗ್ರಂಥಾಲಯ ಇದೆ. ಹೋಗುವ ಮೊದಲು ವಾರದ ರಜೆ ಯಾವತ್ತು ಅಂತ ವಿಚಾರಿಸಿಕೊಳ್ಳಿ. ಮಕ್ಕಳನ್ನು ಊರಿಗೆ ಕಳಿಸುವುದಾದರೆ ಅಲ್ಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿ. ಈಗ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ.

ಬಸ್ಸಿನ ಖರ್ಚೂ ಜಾಸ್ತಿ ಆಗುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ದುಡ್ಡಿಲ್ಲ. ಆಧಾರ್ ಜೊತೆಗಿರಲಿ. ಮಗನಿಗೆ ಅರ್ಧ ಟಿಕೆಟ್. ಬೆಳಗ್ಗೆ ಬೇಗ ಲಾಲ್‌ಬಾಗಿಗೆ ಹೋಗಿ ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಲಿ. ಕಾಲ ಕೆಳಗಿರುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಅಂತ ಹೇಳಿ. ಡೈನೋಸಾರ್ ಹುಚ್ಚಿರುವ ಮಕ್ಕಳಾದರೆ, ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು ಇದು ಅಂತ ಸೇರಿಸಿ. ಆಮೇಲೆ ಬರುವ ಪ್ರಶ್ನೆಗಳಿಗೆ ವಾಪಸ್ ಬರುವ ದಾರಿ ಸಾಲುವುದಿಲ್ಲ.

ಕೋಲಾರದಿಂದ

ಊರಿಗೆ ಕಳಿಸುವ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಕೃಷಿ ಹೊಂಡದ ಬಗ್ಗೆ ಮಕ್ಕಳಿಗೆ ಬಿಡಿಸಿ ಹೇಳಿ ಕಳಿಸಿ. ಹೊಂಡದ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನೀರು ಬಿದ್ದರೆ ಪಾಚಿ ಕಟ್ಟಿ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ. ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರೂ ಜಾರುತ್ತಾರೆ. ಕ್ವಾರಿಯ ನೀರೂ ಅಷ್ಟೇ, ದಡದಲ್ಲೇ ಆಳ. ನೀರಿನ ಹತ್ತಿರ ದೊಡ್ಡವರಿಲ್ಲದೆ ಹೋಗಕೂಡದು. ಇದರಲ್ಲಿ ರಾಜಿ ಬೇಡ.

ಬೆಂಗಳೂರಿನಿಂದಲೇ ಇನ್ನೊಬ್ಬರು

ನಮ್ಮ ಬೀದಿಯಲ್ಲಿ ಮೂರು ಮನೆಯವರು ಮಾತಾಡಿಕೊಂಡಿದ್ದೇವೆ. ಒಂದೊಂದು ದಿನ ಒಂದೊಂದು ಮನೆಯಲ್ಲಿ ಮಕ್ಕಳು ಸೇರುತ್ತಾರೆ. ಆ ಮನೆಯವರು ಮಜ್ಜಿಗೆ ಅಥವಾ ಪಾನಕ ಕೊಡುತ್ತಾರೆ, ಅಷ್ಟೇ. ಎಲ್ಲಾ ಭಾರ ನಿಮ್ಮ ಅತ್ತೆಯವರೊಬ್ಬರ ಮೇಲೇ ಬೀಳುವುದು ಬೇಡ. ಅವರಿಗೂ ಮಧ್ಯಾಹ್ನ ಸ್ವಲ್ಪ ಅಡ್ಡಾಗಬೇಕು ಅನ್ನಿಸುತ್ತದೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ಅತ್ತೆಗೆ ಚೌಕಾಬಾರ ಚೆನ್ನಾಗಿ ಬರುತ್ತದಂತೆ, ಹುಣಸೆ ಬೀಜ ಎತ್ತಿಟ್ಟಿದ್ದಾರೆ. ಒಂದೇ ಚಿಂತೆ. ಮಗ ಸೋತರೆ ಅತ್ತು ಕಾಯಿ ಎಲ್ಲ ಚೆಲ್ಲಿಬಿಡುತ್ತಾನೆ. ಏನು ಮಾಡುವುದು?

ಮೈಸೂರಿನಿಂದ

ಜೋಡಿ ಆಟ ಆಡಿಸಿ. ಅಜ್ಜಿ, ಮೊಮ್ಮಗ ಒಂದು ಕಡೆ, ಅಕ್ಕ ಮತ್ತು ಪಕ್ಕದ ಮನೆ ಮಗು ಇನ್ನೊಂದು ಕಡೆ. ಬೀಜ ಹಾಕುವುದು ಅವನು, ಯಾವ ಕಾಯಿ ನಡೆಸಬೇಕು ಅಂತ ಅಜ್ಜಿಯ ಜೊತೆ ಗುಸುಗುಸು ಮಾತಾಡಿ ತೀರ್ಮಾನ. ಕಾಯಿ ಕಡಿಸಿಕೊಂಡರೆ ಒಬ್ಬನದೇ ಸೋಲು ಅನ್ನಿಸುವುದಿಲ್ಲ. ಅಳು ಬಂದರೆ ಅಳಲಿ, ಮನೆಗಳನ್ನು ಅಳಿಸಬೇಡಿ. ನೀರು ಕುಡಿದು ಬರುವವರೆಗೂ ಕಾಯಿಗಳು ಇದ್ದಲ್ಲೇ ಇರಲಿ, ಆಟ ಅಲ್ಲಿಂದಲೇ ಮುಂದುವರಿಯುತ್ತದೆ ಅಂತ ಮೊದಲೇ ಹೇಳಿಡಿ. ಅವನನ್ನು ಗೆಲ್ಲಿಸಬೇಕು ಅಂತ ಬೇಕಂತಲೇ ಸೋಲುವುದು ಮಾತ್ರ ಬೇಡ. ಆರು ವರ್ಷದವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆಮೇಲೆ ಆಟಕ್ಕೇ ಬರುವುದಿಲ್ಲ.