ಸಹಾಯ ಬೇಕು: ಹಳೇ ಔಟ್‌ಬೋರ್ಡ್ ಮೋಟಾರ್ ಫಾರ್ವರ್ಡ್ ಗೇರಲ್ಲಿ ನಿಲ್ತಿಲ್ಲ
ಎಲ್ರಿಗೂ ನಮಸ್ಕಾರ, ನನ್ನ ಹತ್ರ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿ ಹಿಂದೆ ಕಟ್ಟೋ ಇಂಜಿನ್) ಇದೆ, ರಿವರ್ಸ್ ಸರಿಯಾಗಿ ಬೀಳುತ್ತೆ, ನ್ಯೂಟ್ರಲ್ಲೂ ಸಿಗುತ್ತೆ, ಆದ್ರೆ ಫಾರ್ವರ್ಡ್ ಹಾಕಿ ಥ್ರಾಟಲ್ ಅರ್ಧ ದಾಟಿಸಿದ ತಕ್ಷಣ ಕಟಕಟ ಸದ್ದು ಮಾಡಿ ಗೇರ್ ಜಾರಿಬಿಡುತ್ತೆ, ಇಂಜಿನ್ ಕೂಗುತ್ತೆ ದೋಣಿ ಮುಂದೆ ಹೋಗಲ್ಲ. ಪ್ರೊಪೆಲ್ಲರ್ ಹಬ್ (ಪ್ರೊಪೆಲ್ಲರ್ ನಡುವಿನ ಭಾಗ) ಹೋಗಿದ್ರೆ ಈ ಥರ ಕಟಕಟ ಬರಲ್ಲ ಅಲ್ವಾ? ಇಂಜಿನ್ ಆಫ್ ಮಾಡಿ ಗೇರ್ ಶಿಫ್ಟ್ ಕೇಬಲ್ ಬಿಚ್ಚಿ, ಪ್ರೊಪೆಲ್ಲರ್ ತಿರುಗಿಸ್ತಾ ಕೈಯಲ್ಲೇ ಶಿಫ್ಟ್ ಲಿವರ್ ತಳ್ಳಿದ್ರೆ ಪೂರ್ತಿ ಕೂರುತ್ತೆ, ಕೇಬಲ್ ಹಾಕಿದ್ರೆ ಸ್ವಲ್ಪ ಕಡಿಮೆ ಹೋಗುತ್ತೆ. ಗೇರ್ ಆಯಿಲ್ ಇಳಿಸಿ ನೋಡ್ದೆ, ಹಾಲಿನ ಥರ ಆಗಿಲ್ಲ, ಅಂದ್ರೆ ನೀರು ನುಗ್ಗಿಲ್ಲ, ಆದ್ರೆ ಸಣ್ಣ ಲೋಹದ ಚೂರು ಬಂತು, ಅದೇ ಚಿಂತೆ ಆಗಿರೋದು. ಕೇಬಲ್ ಅಡ್ಜಸ್ಟ್ ಮಾಡಿದ್ರೆ ಸಾಕಾ, ಇಲ್ಲ ಕ್ಲಚ್ ಡಾಗ್ (ಗೇರ್‌ಗೆ ಕಚ್ಚಿಕೊಳ್ಳೋ ಹಲ್ಲಿನ ಭಾಗ) ಮೂಲೆ ಸವೆದು ದುಂಡಗಾಗಿರುತ್ತಾ? ಲೋವರ್ ಯೂನಿಟ್ (ಗೇರ್ ಇರೋ ಕೆಳಗಿನ ಭಾಗ) ಬಿಚ್ಚೋ ಮೊದ್ಲು ಇನ್ನೇನು ಚೆಕ್ ಮಾಡ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.