ಹಾಡಿನ ಸಾಲಿಗೆ ಇಂಗ್ಲಿಷ್ ವ್ಯಾಕರಣದ ಕಟ್ಟುಪಾಡು ಬೇಕೇ?

ಪ್ರಶ್ನೆ: ಉರ್ವದ ಓದುಗ, ಮಂಗಳೂರು

ಮಾನ್ಯರೇ, ನನ್ನ ಸೋದರಳಿಯ ಮತ್ತು ಅವನ ಗೆಳೆಯರು ತಾವೇ ಬರೆದು ರಾಗ ಕೂಡಿಸಿದ ಇಂಗ್ಲಿಷ್ ಹಾಡೊಂದನ್ನು ಇಲ್ಲಿನ ಅಂತರಕಾಲೇಜು ಸ್ಪರ್ಧೆಯಲ್ಲಿ ಹಾಡಿದರು. "ಐ ಡೋಂಟ್ ನೀಡ್ ನೋ ಬೋಟ್ ಟುನೈಟ್" ಎಂಬ ಪಲ್ಲವಿಯಲ್ಲಿ ನಿಷೇಧ ಎರಡು ಸಲ ಬಂದಿದೆ, "ಯೆಸ್ಟರ್‌ಡೇ ಐ ಹ್ಯಾವ್ ಸೀನ್ ದಿ ಸೀ" ಎಂಬ ಚರಣದಲ್ಲಿ ಕ್ರಿಯಾಪದದ ಕಾಲ ತಪ್ಪಿದೆ ಎಂದು ತೀರ್ಪುಗಾರರೊಬ್ಬರು ಅಂಕ ಕಳೆದರು. ಹಾಡನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ತಿದ್ದುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಇಂಗ್ಲಿಷ್ ಅಧ್ಯಾಪಕಿ, ಉಡುಪಿ

ಈ ಎರಡು ಸಾಲುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಎರಡು ನಿಷೇಧಗಳು ಸೇರಿದರೆ ಒಪ್ಪಿಗೆಯ ಅರ್ಥ ಬರುತ್ತದೆಂಬ ನಿಯಮವನ್ನು 18ನೆಯ ಶತಮಾನದಲ್ಲಿ ರಾಬರ್ಟ್ ಲೌತ್‌ನಂತಹ ವ್ಯಾಕರಣಕಾರರು ಬಿಗಿಗೊಳಿಸಿದರು. ಅದಕ್ಕಿಂತ ಸುಮಾರು ನಾನ್ನೂರು ವರ್ಷ ಹಿಂದೆ ಚಾಸರ್ ಕವಿ ನಿಷೇಧದ ಮೇಲೆ ನಿಷೇಧ ಹೇರಿ, ಮಾತಿಗೆ ಒತ್ತು ಕೊಡುತ್ತಿದ್ದ. ಆಫ್ರಿಕನ್ ಅಮೆರಿಕನ್ನರ ಆಡುನುಡಿಯಲ್ಲಿ ಅದು ಇಂದಿಗೂ ಕ್ರಮಬದ್ಧವಾದ ನಿಯಮವೇ ಆಗಿದೆ. ಅವರ ಬ್ಲೂಸ್ ಹಾಡುಗಳಿಂದ ರಾಕ್ ಸಂಗೀತ ಬೆಳೆದದ್ದರಿಂದ ಆ ನುಡಿಗಟ್ಟು ಅದರೊಂದಿಗೇ ಬಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನ "ಐ ಕಾಂಟ್ ಗೆಟ್ ನೋ ಸ್ಯಾಟಿಸ್‌ಫ್ಯಾಕ್ಷನ್" ಎಂಬ ಪಲ್ಲವಿ ಅದನ್ನು ಜಗತ್ತಿನ ಕಿವಿಗೆ ಮುಟ್ಟಿಸಿತು. ಅಲ್ಲಿ ಗಾಯಕನಿಗೆ ತೃಪ್ತಿ ಸಿಕ್ಕಿದೆಯೆಂದು ಯಾರೂ ಅರ್ಥಮಾಡಿಕೊಂಡಿಲ್ಲ. ಆದರೆ 'ಯೆಸ್ಟರ್‌ಡೇ' ಇರುವಲ್ಲಿ 'ಹ್ಯಾವ್ ಸೀನ್' ಬಂದದ್ದು ಅಂತಹ ಯಾವ ಹಾಡಿನ ಪರಂಪರೆಯಿಂದಲೂ ಅಲ್ಲ. ನಮ್ಮ ತರಗತಿಗಳಲ್ಲಿ ದಿನವೂ ಕೇಳಿಬರುವ ರೂಢಿ ಅದು.

ಉತ್ತರ: ಭಾಗವತಿಕೆಯ ಅಭ್ಯಾಸಿ, ಬ್ರಹ್ಮಾವರ

ಅಧ್ಯಾಪಕಿಯವರ ಮಾತಿಗೆ ನನ್ನದೊಂದು ಆಕ್ಷೇಪವಿದೆ. ಆ ನುಡಿಗಟ್ಟು ಅಲ್ಲಿಯವರಿಗೆ ತಾಯಿಯ ಮಾತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ನಮ್ಮ ಮಕ್ಕಳು ಅದನ್ನು ಎರವಲು ತಂದಾಗ ಹಾಡಿನಲ್ಲಿ ಮಾತಾಡುತ್ತಿರುವವನು ಯಾರೆಂಬುದು ಮೊದಲು ಗಟ್ಟಿಯಾಗಬೇಕು. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ಪ್ರೇಕ್ಷಕರಿಗೆ ಕಸಿವಿಸಿಯಾಗುತ್ತದೆ, ಆದರೆ ಹಾಸ್ಯಗಾರ ಆಡುಮಾತಿಗೆ ಇಳಿದರೆ ಅವರೇ ಮೆಚ್ಚಿ ನಗುತ್ತಾರೆ. ಪಾತ್ರಕ್ಕೆ ತಕ್ಕ ಭಾಷೆ ಎಂಬ ಈ ಕಟ್ಟು ವ್ಯಾಕರಣಕ್ಕಿಂತ ಕಠಿಣವಾದದ್ದು.

ಹಾಗೆಂದು ನಾನು ವ್ಯಾಕರಣದ ದೊಣ್ಣೆ ಹಿಡಿದವನಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದಾಗ ತನ್ನ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಟ್ಟ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕೆಂಬುದು ಛಂದಸ್ಸಿನ ನಿಯಮವಾದರೂ, ಉಚ್ಚಾರಣೆ ತೇಲಿಸಿದಲ್ಲಿ ಅದು ಲಘುವಾಗಿಯೇ ಉಳಿಯಬಹುದೆಂಬ ಶಿಥಿಲದ್ವಿತ್ವವನ್ನು ಹಳಗನ್ನಡದವರು ಒಪ್ಪಿದ್ದರು. ಸಡಿಲಿಕೆಗೂ ಅವರಲ್ಲಿ ಒಂದು ಲೆಕ್ಕವಿತ್ತು.

ಉತ್ತರ: ಗಾಯನವೃಂದದ ಸದಸ್ಯೆ, ಮಂಗಳೂರು

ನಾನು ಚರ್ಚಿನ ಗಾಯನವೃಂದದಲ್ಲಿ ಹಾಡುವವಳಾದ್ದರಿಂದ ಎರಡೂ ಸಾಲುಗಳನ್ನು ತಾಳ ಹಾಕಿ ಹೇಳಿ ನೋಡಿದೆ. ಇಂಗ್ಲಿಷಿನಲ್ಲಿ ಪ್ರತಿ ಮುಖ್ಯ ಪದಕ್ಕೂ ತನ್ನದೇ ಒತ್ತಿನ ಜಾಗವಿದೆ. ತಾಳದ ಪೆಟ್ಟು ಆ ಜಾಗದಲ್ಲಿ ಬೀಳದಿದ್ದರೆ ವಾಕ್ಯ ಎಷ್ಟೇ ಶುದ್ಧವಾಗಿದ್ದರೂ ಹಾಡು ಎಡವುತ್ತದೆ. ಒಂದಕ್ಷರ ಬಿಟ್ಟು ಒಂದಕ್ಷರಕ್ಕೆ ಪೆಟ್ಟು ಹಾಕುತ್ತ ಹೋದರೆ, "ಯೆಸ್ಟರ್‌ಡೇ ಐ ಹ್ಯಾವ್ ಸೀನ್ ದಿ ಸೀ" ಎಂಬಲ್ಲಿ ಅದು ಏನೂ ತೂಕವಿಲ್ಲದ 'ದಿ' ಮೇಲೆ ಬಿದ್ದು, ಮುಖ್ಯವಾದ 'ಸೀ' ಬಡವಾಗುತ್ತದೆ. "ಯೆಸ್ಟರ್‌ಡೇ ಐ ಸಾ ದಿ ಸೀ" ಎಂದರೆ ಪೆಟ್ಟುಗಳು 'ಯೆಸ್', 'ಡೇ', 'ಸಾ', 'ಸೀ'ಗಳ ಮೇಲೆ ಸರಿಯಾಗಿ ಕೂರುತ್ತವೆ. ಇಲ್ಲಿ ವ್ಯಾಕರಣವೂ ರಾಗವೂ ಒಂದೇ ತಿದ್ದುಪಡಿಯನ್ನು ಬೇಡುತ್ತಿವೆ.

ಪಲ್ಲವಿಯ ಕಥೆ ಬೇರೆ. 'ನೋ' ಸ್ವರದಲ್ಲಿ ಮುಗಿಯುವ ಪದವಾದ್ದರಿಂದ ಅದನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಅದರ ಬದಲು 'ಎನಿ' ಹಾಕಿದರೆ ಒತ್ತು ಬೀಳುವ 'ಎ' ಹ್ರಸ್ವವಾದದ್ದು, ಎಳೆದರೆ ಪದವೇ ಕೆಡುತ್ತದೆ. ಹುಡುಗರ ರಾಗದಲ್ಲಿ ಆ ಜಾಗಕ್ಕೆ ದೀರ್ಘ ಸ್ವರವಿದೆಯೇ?

ಪ್ರಶ್ನೆ ಕೇಳಿದವರು: ಉರ್ವದ ಓದುಗ, ಮಂಗಳೂರು

ಇದೆ, 'ನೋ'ವನ್ನು ಅವರು ಪೂರ್ತಿ ನಾಲ್ಕು ಪೆಟ್ಟು ಎಳೆಯುತ್ತಾರೆ. ಬ್ರಹ್ಮಾವರದವರ ಪ್ರಶ್ನೆಗೂ ಉತ್ತರ ಸಿಕ್ಕಿತು: ಹಾಡುತ್ತಿರುವವನು ಬಂದರಿಗೆ ಬಂದಿಳಿದ ಪರದೇಶದ ನಾವಿಕನೆಂದು ಹುಡುಗರು ಹೇಳುತ್ತಾರೆ, ಆದರೆ ಹಾಡಿನೊಳಗೆ ಎಲ್ಲಿಯೂ ಅದು ತಿಳಿಯುವಂತಿಲ್ಲ. ಪಲ್ಲವಿಯನ್ನು ಹಾಗೆಯೇ ಉಳಿಸಿ, ಚರಣದಲ್ಲಿ 'ಸಾ' ಹಾಕಿಕೊಂಡು, ನಾವಿಕನ ಸುಳಿವು ಕೊಡುವ ಒಂದು ಸಾಲನ್ನು ಆರಂಭದಲ್ಲೇ ಸೇರಿಸಲು ಅವರು ಒಪ್ಪಿದ್ದಾರೆ.