ಪಂಪು ತೊಳೆದ ನೀರಿಗೆ ಫೆಂಟನ್ (ಕಬ್ಬಿಣ, ಪೆರಾಕ್ಸೈಡ್ ಹಾಕಿ ಔಷಧಿ ಒಡೆಯುವ ಕ್ರಮ) ಮಾಡಿದ್ದಾಯ್ತು, ವರದಿಯಲ್ಲಿ ಔಷಧಿ ಇಲ್ಲ, ಆದರೂ ಮೊಯಿನಾ (ನೀರಿನ ಪುಟ್ಟ ಜೀವಿ) ಸಾಯ್ತಿದೆ. ಯಾಕೆ?

ಮೂಡಿಗೆರೆ_ತೋಟ:
ಕಾಫಿ, ಕಾಳುಮೆಣಸಿನ ತೋಟ. ಸ್ಪ್ರೇಯರ್, ಡ್ರಮ್ಮು, ಪೈಪು ತೊಳೆದ ನೀರು ವಾರಕ್ಕೆ 200 ಲೀಟರಿನ ಒಂದು ಡ್ರಮ್ ಆಗುತ್ತೆ. ಬಿಳಿ ಕಾಂಡಕೊರಕಕ್ಕೆ ಹೊಡೆದ ಕ್ಲೋರ್‌ಪೈರಿಫಾಸ್ 20 ಇಸಿ ಕೀಟನಾಶಕ (ಇಸಿ ಅಂದರೆ ನೀರಿಗೆ ಬೆರೆಸುವ ಎಣ್ಣೆಯಂಥ ದ್ರವ), ಮೆಣಸಿಗೆ ಹೊಡೆದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ), ಎರಡರ ತೊಳೆದ ನೀರೂ ಅದರಲ್ಲೇ. ಕೆಳಗಿನ ಹಳ್ಳ ಹೇಮಾವತಿಗೆ ಸೇರೋದು, ಹಾಗಾಗಿ ಚೆಲ್ಲುವ ಹಾಗಿಲ್ಲ.

ಸಿಒಡಿ (ನೀರಿನ ಕೊಳೆಯನ್ನೆಲ್ಲ ಒಡೆಯೋಕೆ ಬೇಕಾದ ಆಮ್ಲಜನಕದ ಅಳತೆ) ಲೀಟರಿಗೆ ಸುಮಾರು 1000 ಮಿಗ್ರಾಂ ಇತ್ತು. ಗಂಧಕಾಮ್ಲದಿಂದ ಪಿಎಚ್ 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ 200 ಗ್ರಾಂ, 50% ಪೆರಾಕ್ಸೈಡ್ 700 ಮಿಲೀ ಒಂದೇ ಸಲಕ್ಕೆ ಹಾಕಿದ್ದು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸುಣ್ಣದಿಂದ ಪಿಎಚ್ 8 ಮಾಡಿ ತಿಳಿ ಬಸಿದಿದ್ದು. ಲ್ಯಾಬ್ ವರದಿ: ಕ್ಲೋರ್‌ಪೈರಿಫಾಸ್ ಪತ್ತೆಯಾಗಿಲ್ಲ, ಅಳೆಯಬಲ್ಲ ಕನಿಷ್ಠ ಮಟ್ಟ ಲೀಟರಿಗೆ 1 ಮೈಕ್ರೋಗ್ರಾಂ.

ವಿಷ ಉಳಿದಿದೆಯಾ ಅಂತ ಈರುಳ್ಳಿ ಕೂರಿಸಿ ನೋಡಿದ್ದು: ಬೇರು 3 ದಿನಕ್ಕೆ ಬಾವಿ ನೀರಲ್ಲಿ 4.2 ಸೆಂ.ಮೀ., ಈ ನೀರಲ್ಲಿ 3.6. ತುದಿ ಸ್ವಲ್ಪ ಕಂದಿ ಕೊಕ್ಕೆಯ ಹಾಗೆ ಬಾಗಿದೆ. ಅಕ್ವೇರಿಯಂ ಅಂಗಡಿಯ ಮೊಯಿನಾ 20 ಬಿಟ್ಟರೆ 2 ಗಂಟೆಯಲ್ಲಿ ಎಲ್ಲವೂ ತಳಕ್ಕೆ. ಬಾವಿ ನೀರಲ್ಲಿ ಬಿಟ್ಟವು ಆರಾಮಾಗಿವೆ. ಯಾವುದನ್ನು ನಂಬೋದು? ಬ್ಲೀಚಿಂಗ್ ಪೌಡರ್ ಹಾಕಿದರೆ ಅಥವಾ ಅರಸೀಕೆರೆ ಕಡೆಯ ತೆಂಗಿನ ಚಿಪ್ಪಿನ ಇದ್ದಿಲಲ್ಲಿ ಸೋಸಿದರೆ ಸರಿಹೋಗುತ್ತಾ?

ನೀರು_ಪರೀಕ್ಷೆ:
ಎರಡನ್ನೂ ನಂಬಿ ಮಾರಾಯ್ರೆ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಐಎಸ್ 10500 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಲ್ಲಿ ಕ್ಲೋರ್‌ಪೈರಿಫಾಸ್ ಲೀಟರಿಗೆ 30 ಮೈಕ್ರೋಗ್ರಾಂವರೆಗೆ ಇರಬಹುದು. ಡ್ಯಾಫ್ನಿಯಾ ಅನ್ನೋ ನೀರಿನ ಚಿಗಟಗಳಲ್ಲಿ ಅರ್ಧದಷ್ಟು 48 ಗಂಟೆಯೊಳಗೆ ಅಲುಗಾಡದ ಹಾಗೆ ಆಗೋಕೆ 1 ಮೈಕ್ರೋಗ್ರಾಂನ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ ಸಾಕು. ಮೊಯಿನಾ ಅದರ ಹತ್ತಿರದ ನೆಂಟ. ನಿಮ್ಮ ವರದಿ ಹೇಳೋದು 1ಕ್ಕಿಂತ ಕಡಿಮೆ ಇದೆ ಅಂತ, ಇಲ್ಲವೇ ಇಲ್ಲ ಅಂತಲ್ಲ. ಮುಂದಿನ ಸಲ 0.1ರವರೆಗೆ ಅಳೆಯುವ ಲ್ಯಾಬ್ ಹಿಡಿಯಿರಿ. ಮಾದರಿ ಕಂದು ಗಾಜಿನ ಬಾಟಲಿಯಲ್ಲಿ, ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಈ ಔಷಧಿ ಪ್ಲಾಸ್ಟಿಕ್ಕಿಗೆ ಅಂಟುತ್ತೆ. ಮಿನರಲ್ ವಾಟರ್ ಬಾಟಲಿಯಲ್ಲಿ ಕಳಿಸಿದ್ದರೆ ವರದಿ ಸುಳ್ಳೇ ಚೆನ್ನಾಗಿ ಬಂದಿರುತ್ತೆ.

ಆದರೆ 2 ಗಂಟೆಗೇ ಸಾಯೋದು ಅಷ್ಟು ಚೂರು ಕ್ಲೋರ್‌ಪೈರಿಫಾಸಿನ ಕೆಲಸ ಅಲ್ಲ. ನನ್ನ ಅನುಮಾನ ಎರಡರ ಮೇಲೆ.

ಒಂದು, ಉಳಿದ ಪೆರಾಕ್ಸೈಡ್. ನಿಮ್ಮ ಲೆಕ್ಕ ಸರಿಯೇ ಇದೆ: 200 ಗ್ರಾಂ ಸಿಒಡಿಗೆ 2.125 ಪಟ್ಟು ಪೆರಾಕ್ಸೈಡ್ ಅಂದರೆ 425 ಗ್ರಾಂ, 50%ರದ್ದು ಸುಮಾರು 700 ಮಿಲೀ. ತಪ್ಪಿದ್ದು ಒಂದೇ ಸಲಕ್ಕೆ ಸುರಿದದ್ದು. ಹಾಗೆ ಮಾಡಿದರೆ ಪೆರಾಕ್ಸೈಡೇ, ಔಷಧಿಯನ್ನು ಒಡೆಯುವ ಚುರುಕು ಕಣಗಳಾದ ರ‍್ಯಾಡಿಕಲ್‌ಗಳನ್ನು ತಿಂದುಹಾಕುತ್ತೆ, ಡ್ರಮ್ ಬಿಸಿಯಾಗುತ್ತೆ, ಔಷಧಿ ಅರ್ಧಂಬರ್ಧ ಒಡೆದು ನಿಲ್ಲುತ್ತೆ. 5-6 ಕಂತಲ್ಲಿ, 15-20 ನಿಮಿಷಕ್ಕೊಮ್ಮೆ, ಕಲಕುತ್ತಾ ಹಾಕಿ. ಗ್ಯಾಸ್ ಬರುತ್ತೆ, ಮುಚ್ಚಳ ಬಿಗಿಯಬೇಡಿ. ಕೈಗವಸು, ಕನ್ನಡಕ ಇಲ್ಲದೆ ಆ ಕ್ಯಾನ್ ಮುಟ್ಟಲೇಬೇಡಿ.

ಎರಡು, ತಾಮ್ರ. ಬೋರ್ಡೋದಲ್ಲಿ ಮೈಲುತುತ್ತ ಸುಣ್ಣದ ಜೊತೆ ಸೇರಿ ಕರಗದ ಕೆಸರಾಗಿ ಕೂತಿರುತ್ತೆ. ನೀವು ಪಿಎಚ್ 3ಕ್ಕೆ ಇಳಿಸಿದ ಕೂಡಲೇ ಅದೆಲ್ಲ ಮತ್ತೆ ನೀರಿಗೆ ಕರಗಿತು. ಪಿಎಚ್ 8ಕ್ಕೆ ತಂದಾಗ ಬಹುಪಾಲು ಕೂತರೂ, ಕಣ್ಣಿಗೆ ಕಾಣದ ಪುಡಿ ತೇಲುತ್ತಲೇ ಇರುತ್ತೆ. ಬೇರಿನ ತುದಿ ಕಂದಿ ಬಾಗಿದ್ದು ಅದರ ಗುರುತು ಇರಬಹುದು. ಕ್ಲೋರ್‌ಪೈರಿಫಾಸ್ ನರಕ್ಕೆ ಹೊಡೆಯುವ ವಿಷ, ಈರುಳ್ಳಿಗೆ ನರವೇ ಇಲ್ಲ. ಹಾಗಾಗಿ ಈರುಳ್ಳಿ ಪರೀಕ್ಷೆ ಕಳೆನಾಶಕ, ತಾಮ್ರಕ್ಕೆ ಸೈ, ಈ ಜಾತಿ ಕೀಟನಾಶಕಕ್ಕೆ ಅಷ್ಟಕ್ಕಷ್ಟೇ.

ಬೋರ್ಡೋ ನೀರಿಗೆ ಬೇರೆ ಡ್ರಮ್ ಇಡಿ. ಅದರ ಸುಣ್ಣ ನಿಮ್ಮ ಆಮ್ಲವನ್ನೂ ತಿನ್ನುತ್ತೆ.

ಸಕಲೇಶಪುರ_ರೋಡ್:
ಇಷ್ಟೆಲ್ಲ ಯಾಕೆ ಸಾರ್? ಬ್ಲೀಚಿಂಗ್ ಪೌಡರ್ ಎರಡು ಹಿಡಿ ಹಾಕಿ ಎರಡು ದಿನ ಬಿಟ್ಟರೆ ವಾಸನೆಯೂ ಹೋಗುತ್ತೆ.

ನೀರು_ಪರೀಕ್ಷೆ:
ವಾಸನೆ ಹೋಗುತ್ತೆ, ವಿಷ ಹೆಚ್ಚುತ್ತೆ. ಕ್ಲೋರ್‌ಪೈರಿಫಾಸ್ ಅಣುವಿನಲ್ಲಿ ರಂಜಕಕ್ಕೆ ಅಂಟಿದ ಗಂಧಕವನ್ನು ಕ್ಲೋರಿನ್ ಕಿತ್ತು ಆಮ್ಲಜನಕ ಕೂರಿಸುತ್ತೆ. ಆಗ ಬರೋದು ಆಕ್ಸಾನ್. ನರದ ಎಂಜೈಮಿಗೆ ಹೊಡೆಯುವುದರಲ್ಲಿ ಅದು ಮೂಲ ಔಷಧಿಗಿಂತ ಜೋರು. ಲ್ಯಾಬಿನವರು ಕ್ಲೋರ್‌ಪೈರಿಫಾಸ್ ಒಂದನ್ನೇ ಹುಡುಕಿದರೆ 'ಪತ್ತೆಯಾಗಿಲ್ಲ' ಅಂತಲೇ ಬರುತ್ತೆ! ಫೆಂಟನ್ ಅರ್ಧಕ್ಕೆ ನಿಂತರೂ ಇದೇ ಕಥೆ. ಅದಕ್ಕೇ ಲ್ಯಾಬಿಗೆ ಕೊಡುವ ಪಟ್ಟಿಯಲ್ಲಿ ಆಕ್ಸಾನ್ ಮತ್ತು ಟಿಸಿಪಿ (ಔಷಧಿ ಒಡೆದಾಗ ಉಳಿಯುವ ತುಂಡು) ಎರಡನ್ನೂ ಸೇರಿಸಿ ಅಂತ ಬರೆದುಕೊಡಿ. ಸುಣ್ಣ ಹಾಕಿ ಕಾಯೋದೂ ನಿಧಾನ, ಪಿಎಚ್ 9ರಲ್ಲೂ ಅರ್ಧ ಒಡೆಯೋಕೆ ಎರಡು ವಾರದ ಮೇಲೆ ಬೇಕು.

ಇದ್ದಿಲು_ಹಾಸನ:
ಇದ್ದಿಲ ವಿಷಯ. ಚಿಪ್ಪು ಸುಟ್ಟ ಇದ್ದಿಲು ಬೇರೆ, ಆಕ್ಟಿವೇಟೆಡ್ ಕಾರ್ಬನ್ ಬೇರೆ. ಅದೇ ಇದ್ದಿಲಿಗೆ 800-1000 ಡಿಗ್ರಿಯಲ್ಲಿ ಹಬೆ ಕೊಟ್ಟಾಗ ಒಳಗೆ ಸಣ್ಣ ರಂಧ್ರ ಬಿಡುತ್ತೆ, ಔಷಧಿ ಕೂರೋದು ಆ ರಂಧ್ರದಲ್ಲಿ. ಕೊಳ್ಳುವಾಗ ಅಯೋಡಿನ್ ನಂಬರ್ (ಸಣ್ಣ ರಂಧ್ರ ಎಷ್ಟಿದೆ ಅನ್ನೋ ಅಳತೆ) ಕೇಳಿ, 1000ದ ಆಸುಪಾಸು ಇರಲಿ. ಚೆನ್ನಾಗಿ ತೊಳೆದು, ನೀರು ಕಾರ್ಬನ್ ಪದರದಲ್ಲಿ 15-20 ನಿಮಿಷ ಇರುವ ಹಾಗೆ ನಿಧಾನ ಬಿಡಿ: 20 ಲೀಟರ್ ಕಾರ್ಬನ್ ಇದ್ದರೆ ನಿಮಿಷಕ್ಕೆ 1 ಲೀಟರ್.

ಫೆಂಟನ್ ಮಾಡದ ಇಸಿ ನೀರನ್ನು ನೇರ ಬಿಟ್ಟರೆ ಎಮಲ್ಸಿಫೈಯರ್ (ಎಣ್ಣೆಯನ್ನು ನೀರಿಗೆ ಬೆರೆಸುವ ಪದಾರ್ಥ), ದ್ರಾವಕ ಎಲ್ಲ ಮೊದಲು ಹೋಗಿ ಕೂತು ರಂಧ್ರ ಮುಚ್ಚುತ್ತವೆ. ಪೆರಾಕ್ಸೈಡ್ ಉಳಿದ ನೀರು ಬಿಟ್ಟರೆ ಕಾರ್ಬನ್ ಅದನ್ನು ಒಡೆಯುತ್ತೆ ನಿಜ, ಆದರೆ ಗುಳ್ಳೆ ಎದ್ದು ಪದರ ಬಿರುಕು ಬಿಡುತ್ತೆ. ನೀರು ಬಿರುಕಿನಲ್ಲೇ ಜಾರಿಹೋಗುತ್ತೆ, ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ. ಗ್ಲೈಫೋಸೇಟ್ ಕಳೆನಾಶಕ ತೊಳೆದ ನೀರಿಗೆ ಕಾರ್ಬನ್ ನಂಬಬೇಡಿ, ಅದು ಸರಿಯಾಗಿ ಅಂಟಲ್ಲ.

ಮೂಡಿಗೆರೆ_ತೋಟ:
ಬೋರ್ಡೋ ಬೇರೆ ಮಾಡ್ತೀವಿ. ಈಗಿರುವ ಡ್ರಮ್ಮಲ್ಲಿ ಪೆರಾಕ್ಸೈಡೋ ತಾಮ್ರವೋ ಔಷಧಿಯೋ, ಮನೆಯಲ್ಲೇ ಗೊತ್ತುಮಾಡಿಕೊಳ್ಳೋದು ಹೇಗೆ?

ನೀರು_ಪರೀಕ್ಷೆ:
ಮೊದಲು 0.5ರಿಂದ 25 ಮಿಗ್ರಾಂ ಅಳೆಯುವ ಪೆರಾಕ್ಸೈಡ್ ಪಟ್ಟಿ ಅದ್ದಿ. ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ಡ್ಯಾಫ್ನಿಯಾಗೆ ಸಾಕು. ಹಸಿ ಆಲೂಗಡ್ಡೆ ತುರಿ ಹಾಕಿ ನೊರೆ ನೋಡುವ ಉಪಾಯ ಹಾಸನದಲ್ಲಿ ಸಲೀಸು, ಆದರೆ ಇಷ್ಟು ತೆಳುವಾದರೆ ನೊರೆಯೇ ಬರಲ್ಲ.

ಆಮೇಲೆ ಗಾಜಿನ ಲೋಟಗಳಲ್ಲಿ 50 ಮಿಲೀ ಹಾಗೆ ಹಂಚಿ. ಒಂದು ಹಾಗೇ. ಎರಡನೆಯದಕ್ಕೆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಎಂಜೈಮ್, ಪಟ್ಟಿ ಸೊನ್ನೆ ತೋರಿಸುವವರೆಗೆ. ಮೂರನೆಯದಕ್ಕೆ ಕ್ಯಾಟಲೇಸ್ ಜೊತೆ ಡೈಸೋಡಿಯಂ ಇಡಿಟಿಎ, ಲೀಟರಿಗೆ 5-10 ಮಿಗ್ರಾಂ ಲೆಕ್ಕ, ತಾಮ್ರವನ್ನು ಹಿಡಿದಿಡೋಕೆ. ನಾಲ್ಕನೆಯದಕ್ಕೆ ಕ್ಯಾಟಲೇಸ್ ಆದ ಮೇಲೆ ಕಾರ್ಬನ್ ಪುಡಿ ಕಲಕಿ ಸೋಸಿದ್ದು. ಯಾವ ಲೋಟದಲ್ಲಿ ಬದುಕುತ್ತವೋ ಕಳ್ಳ ಅಲ್ಲಿದ್ದಾನೆ: ಎರಡನೆಯದರಲ್ಲೇ ಬದುಕಿದರೆ ಪೆರಾಕ್ಸೈಡ್, ನಾಲ್ಕನೆಯದರಲ್ಲಿ ಮಾತ್ರ ಬದುಕಿದರೆ ಔಷಧಿ. ಕಾರ್ಬನ್ ತಾಮ್ರವನ್ನೂ ಸ್ವಲ್ಪ ಹಿಡಿಯುತ್ತೆ, ಹಾಗಾಗಿ ಎರಡನೆಯದರಲ್ಲಿ ಸತ್ತು ಮೂರು, ನಾಲ್ಕು ಎರಡರಲ್ಲೂ ಬದುಕಿದರೆ ತಾಮ್ರ ಅನ್ನಿ. ಇವನ್ನೆಲ್ಲ ಬಾವಿ ನೀರಿಗೂ ಹಾಕಿ ಜೋಡಿ ಲೋಟ ಇಡಲೇಬೇಕು, ಇಲ್ಲದಿದ್ದರೆ ಸತ್ತದ್ದು ಇಡಿಟಿಎಗೋ ಡ್ರಮ್ಮಿನ ನೀರಿಗೋ ತಿಳಿಯಲ್ಲ.

ಬಿಡೋದು 24 ಗಂಟೆ ಒಳಗಿನ ಮರಿ. ಹಿಂದಿನ ಸಂಜೆ ತಾಯಿಗಳನ್ನು ಬೇರೆ ಮಾಡಿ, ಬೆಳಿಗ್ಗೆ ಸಿಕ್ಕ ಮರಿ ತಗೊಳ್ಳಿ. ಲೋಟಕ್ಕೆ 5, ಒಂದೊಂದಕ್ಕೂ 4 ಲೋಟ. 48 ಗಂಟೆ ಆಹಾರ ಬೇಡ. ಲೋಟ ಮೆಲ್ಲಗೆ ಅಲ್ಲಾಡಿಸಿ 15 ಸೆಕೆಂಡು ನೋಡಿ, ಈಜದಿದ್ದರೆ ಲೆಕ್ಕಕ್ಕೆ. ಬಾವಿ ನೀರಲ್ಲೇ 10%ಕ್ಕಿಂತ ಹೆಚ್ಚು ಬಿದ್ದರೆ ಪರೀಕ್ಷೆ ರದ್ದು.

ನಂತರ 100, 50, 25, 12.5, 6.25% ತೆಳು ಮಾಡಿ ನೋಡಿ. ಅರ್ಧ ಬೀಳೋದು 12.5%ರಲ್ಲಿ ಅಂದರೆ ವಿಷದ ಅಳತೆ 100/12.5, ಅಂದರೆ 8. ಶುದ್ಧೀಕರಿಸುವ ಮೊದಲಿನ ನೀರಿಗೂ ಇದೇ ಲೆಕ್ಕ ಹಾಕಿದರೆ ಮಾತ್ರ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತೆ. ಮಲೆನಾಡಿನ ನೀರು ಮೆದು, ಮೆದು ನೀರಲ್ಲಿ ತಾಮ್ರ ಜಾಸ್ತಿ ಕಚ್ಚುತ್ತೆ. ಹೋಲಿಕೆ ಸರಿ ಬರಬೇಕಾದರೆ ಡಿಸ್ಟಿಲ್ಡ್ ನೀರಿಗೆ ಲೀಟರಿಗೆ ಕ್ಯಾಲ್ಸಿಯಂ ಕ್ಲೋರೈಡ್ (ಡೈಹೈಡ್ರೇಟ್) 294, ಎಪ್ಸಮ್ ಉಪ್ಪು 123, ಅಡುಗೆ ಸೋಡಾ 65, ಪೊಟ್ಯಾಸಿಯಂ ಕ್ಲೋರೈಡ್ 6 ಮಿಗ್ರಾಂ ಹಾಕಿ ಒಂದು ರಾತ್ರಿ ಗಾಳಿ ಆಡಿಸಿದ್ದನ್ನು ತೆಳು ಮಾಡೋಕೆ ಬಳಸಿ.

ಬೇಲೂರು_ಹೊಲ:
ತಡವಾಗಿ ನೋಡಿದೆ. ಫೆಂಟನ್ ಮಾಡುವಷ್ಟು ನೀರು ಹುಟ್ಟೋದೇ ತಪ್ಪು ಅಂತ ನನ್ನ ಲೆಕ್ಕ. ಡ್ರಮ್ ಖಾಲಿಯಾದ ತಕ್ಷಣ ತೋಟದಲ್ಲೇ ಚೂರು ಚೂರು ನೀರಲ್ಲಿ ಮೂರು ಸಲ ತೊಳೆದು ಅದೇ ಸಾಲಿಗೆ ಹೊಡೆದುಬಿಡಿ. 200 ಲೀಟರ್ ಇರೋದು 30-40ಕ್ಕೆ ಬರುತ್ತೆ.

ಉಳಿದದ್ದಕ್ಕೆ ಬಯೋಬೆಡ್, ಅಂದರೆ ಔಷಧಿ ನೀರನ್ನು ಹೀರಿ ಒಡೆಯುವ ಹುಲ್ಲು-ಮಣ್ಣಿನ ಗುಂಡಿ. 1993ರಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ಗುಂಡಿ 60 ಸೆಂ.ಮೀ. ಆಳ, ತಳಕ್ಕೆ ದಪ್ಪ ಟಾರ್ಪಾಲ್. ಕತ್ತರಿಸಿದ ಭತ್ತದ ಹುಲ್ಲು ಎರಡು ಪಾಲು, ತೋಟದ ಮೇಲ್ಮಣ್ಣು ಒಂದು ಪಾಲು, ಅಲ್ಲಿನವರ ಪೀಟ್ ಬದಲು ಕಳಿತ ತೆಂಗಿನ ನಾರಿನ ಪುಡಿ ಒಂದು ಪಾಲು. ತೇವ ಮಾಡಿ ತಿಂಗಳು, ಒಂದೂವರೆ ತಿಂಗಳು ಬಿಟ್ಟ ಮೇಲೆ ಬಳಸಿ, ಹುಲ್ಲು ಕೊಳೆಸುವ ಶಿಲೀಂಧ್ರವೇ ಔಷಧಿಯನ್ನೂ ಒಡೆಯೋದು. ಮೇಲೆ ಶೀಟು ಹಾಕದಿದ್ದರೆ ನಮ್ಮ ಜುಲೈ ಮಳೆಗೆ ಗುಂಡಿ ತುಂಬಿ ಎಲ್ಲ ಹಳ್ಳಕ್ಕೇ. ಬೋರ್ಡೋ ನೀರು ಮಾತ್ರ ಇದಕ್ಕೆ ಬಿಡಬೇಡಿ: ತಾಮ್ರ ಕೊಳೆಯಲ್ಲ, ಆ ಶಿಲೀಂಧ್ರವನ್ನೇ ಕೊಲ್ಲುತ್ತೆ. ಈಗ ಡ್ರಮ್ಮಿನ ತಳದಲ್ಲಿರುವ ಕೆಂಪು ಕೆಸರಿನಲ್ಲೂ ತಾಮ್ರ ಇದೆ, ಗೊಬ್ಬರದ ಗುಂಡಿಗೆ ಹಾಕಿಬಿಟ್ಟೀರಿ, ಜೋಕೆ. ಒಣಗಿಸಿ ಮುಚ್ಚಳದ ಡ್ರಮ್ಮಲ್ಲಿ ಬೇರೆ ಇಡಿ.